ಖಾಡಿ ದಾಟಿದ ರೈಲು: ನವಿ ಮುಂಬಯಿಯ ನೆಲ, ನಿಲ್ದಾಣ ಮತ್ತು ಲೆಕ್ಕ

ಹೊಸ ಪಟ್ಟಣವೊಂದನ್ನು ಬಯಲಿನಲ್ಲಿ ಕಟ್ಟಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಸಾರಿಗೆಯದು: ರೈಲು ಬಾರದೆ ಜನ ಬರುವುದಿಲ್ಲ, ಜನ ಬಾರದೆ ರೈಲಿನ ಖರ್ಚು ಹುಟ್ಟುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ನಗರಯೋಜನೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ಸಿಕ್ಕನ್ನು ಬಿಡಿಸಲು ಕೆಲವು ದೇಶಗಳು ಸರ್ಕಾರದ ಬೊಕ್ಕಸವನ್ನೇ ನೆಚ್ಚಿದವು. ಮುಂಬಯಿಯ ಪೂರ್ವಕ್ಕೆ, ಥಾಣೆ ಖಾಡಿಯ ಆಚೆ ದಡದಲ್ಲಿ ಎದ್ದ ನವಿ ಮುಂಬಯಿ ಮಾತ್ರ ತಾನು ನಿಲ್ಲಬೇಕಾದ ನೆಲವನ್ನೇ ಅಡವಿಟ್ಟು ರೈಲು ತಂದುಕೊಂಡ ಊರು. ಆ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ರೈಲಿನಲ್ಲೇ ಸುತ್ತಿದರೆ, ಯಾವ ಹಳಿಗೆ ಯಾರು ದುಡ್ಡು ಕೊಟ್ಟರು, ಯಾವಾಗ ಕೊಟ್ಟರು, ಕೊಟ್ಟದ್ದು ತಿಳಿದೇ ಕೊಟ್ಟರೋ ತಿಳಿಯದೆಯೋ ಎಂಬ ಪ್ರಶ್ನೆಗಳು ನಿಲ್ದಾಣ ನಿಲ್ದಾಣಕ್ಕೂ ಎದುರಾಗುತ್ತವೆ.

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಹೊರಡುವ ಹಾರ್ಬರ್ ಮಾರ್ಗದ ಲೋಕಲ್ ರೈಲು ಕುರ್ಲಾ, ಚೆಂಬೂರು, ಗೋವಂಡಿಗಳ ಒತ್ತೊತ್ತಾದ ಮನೆಗಳನ್ನು ದಾಟಿ ಮಾನಖುರ್ದಿಗೆ ಬರುವವರೆಗೂ ಹಳಿಯ ಎರಡೂ ಬದಿಗೆ ಅಂಗೈಯಗಲದ ಜಾಗವೂ ಖಾಲಿ ಕಾಣುವುದಿಲ್ಲ. ಮಾನಖುರ್ದಿನ ನಂತರ ಒಮ್ಮೆಲೇ ಆಕಾಶ ತೆರೆದುಕೊಳ್ಳುತ್ತದೆ. ಮರಾಠಿಯಲ್ಲಿ ಖಾಡಿ ಎಂದು ಕರೆಯುವ, ಸಮುದ್ರದ ನೀರು ಒಳನಾಡಿಗೆ ಚಾಚಿ ಬಂದ ಈ ಅಳಿವೆ ಇಲ್ಲಿ ಸುಮಾರು ಎರಡು ಕಿಲೋಮೀಟರ್ ಅಗಲವಿದೆ. ದಡದಲ್ಲಿ ಕಾಂಡ್ಲಾ ಕಾಡಿನ ಕಡುಹಸಿರು, ಇಳಿತದ ಹೊತ್ತಾದರೆ ಬೂದುಬಣ್ಣದ ಕೆಸರು, ಚಳಿಗಾಲದಲ್ಲಿ ಆ ಕೆಸರಿನ ಮೇಲೆ ತಿಳಿಗೆಂಪು ಗೆರೆ ಎಳೆದಂತೆ ನಿಂತ ರಾಜಹಂಸಗಳ ಹಿಂಡು. ಬೋಗಿಯ ಬಾಗಿಲಲ್ಲಿ ಜೋತುಬಿದ್ದವರ ಬೆವರಿಗೆ ಮೊದಲ ಬಾರಿ ಗಾಳಿ ತಾಗುವುದು ಈ ಸೇತುವೆಯ ಮೇಲೆಯೇ. ರೈಲು ಇದನ್ನು ದಾಟಲು ತೆಗೆದುಕೊಳ್ಳುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಗಳಿಗಾಗಿ ಊರು ಕಾದದ್ದು ಎರಡು ದಶಕ.

ಆಚೆ ದಡದಲ್ಲಿ ಹೊಸ ಊರು ಕಟ್ಟಬೇಕೆಂಬ ಆಲೋಚನೆಯನ್ನು 1965ರಲ್ಲಿ ‘ಮಾರ್ಗ್’ ಪತ್ರಿಕೆಯ ಮೂಲಕ ಮುಂದಿಟ್ಟವರು ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಮತ್ತು ಪ್ರವೀಣಾ ಮೆಹ್ತಾ ಹಾಗೂ ಎಂಜಿನಿಯರ್ ಶಿರೀಷ್ ಪಟೇಲ್. ಮುಂಬಯಿ ಉತ್ತರ ದಕ್ಷಿಣವಾಗಿ ಚಾಚಿದ ಕಿರಿದಾದ ನೆಲಪಟ್ಟಿ. ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿ, ಮನೆಗಳೆಲ್ಲ ಉತ್ತರದಲ್ಲಿ ಇರುವುದರಿಂದ ಬೆಳಿಗ್ಗೆ ಇಡೀ ಊರು ದಕ್ಷಿಣಕ್ಕೂ ಸಂಜೆ ಉತ್ತರಕ್ಕೂ ಹರಿಯುತ್ತದೆ, ಆದ್ದರಿಂದ ಉದ್ಯೋಗಗಳನ್ನೇ ಪೂರ್ವಕ್ಕೆ ತಿರುಗಿಸಿದರೆ ಈ ಹರಿವಿನ ಬಲ ಕುಗ್ಗುತ್ತದೆ ಎಂಬುದು ಅವರ ವಾದವಾಗಿತ್ತು. ಸಾರಿಗೆಯ ಸಮಸ್ಯೆಗೆ ಇನ್ನೊಂದು ರಸ್ತೆಯನ್ನು ಸೂಚಿಸದೆ, ಜನ ಎಲ್ಲಿಗೆ ಹೋಗಬೇಕೆಂಬುದನ್ನೇ ಬದಲಿಸಲು ಹೊರಟದ್ದು ಆ ಕಾಲಕ್ಕೆ ದಿಟ್ಟ ಯೋಚನೆ. 1970ರಲ್ಲಿ ಮಹಾರಾಷ್ಟ್ರ ಸರ್ಕಾರ ನಗರ ಮತ್ತು ಔದ್ಯಮಿಕ ಅಭಿವೃದ್ಧಿ ನಿಗಮವನ್ನು, ಅಂದರೆ ಎಲ್ಲರ ಬಾಯಲ್ಲೂ ಸಿಡ್ಕೊ ಎಂದೇ ಓಡಾಡುವ ಸಂಸ್ಥೆಯನ್ನು ಸ್ಥಾಪಿಸಿತು; 95 ಹಳ್ಳಿಗಳನ್ನು ಒಳಗೊಂಡ 344 ಚದರ ಕಿಲೋಮೀಟರ್ ಪ್ರದೇಶವನ್ನು ಅದರ ಕೈಗೆ ಒಪ್ಪಿಸಲಾಯಿತು. ಸಚಿವಾಲಯವೇ ಖಾಡಿ ದಾಟಿ ಬೇಲಾಪುರಕ್ಕೆ ಬರುತ್ತದೆ, ಅದರ ಬೆನ್ನಿಗೆ ಮಿಕ್ಕ ಕಚೇರಿಗಳೂ ಬರುತ್ತವೆ ಎಂಬ ನಿರೀಕ್ಷೆ ಯೋಜಕರಿಗಿತ್ತು. ಆದರೆ ಅದೇ ದಶಕದಲ್ಲಿ ಅದೇ ಸರ್ಕಾರ ದಕ್ಷಿಣ ಮುಂಬಯಿಯ ನರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿಸಿದ ನೆಲದ ಮೇಲೆ ಕಚೇರಿ ಗೋಪುರಗಳು ಏಳಲು ಬಿಟ್ಟಿತು. ಸಚಿವಾಲಯ ಇದ್ದಲ್ಲಿಯೇ ಉಳಿಯಿತು. ಹೊಸ ಊರಿಗೆ ಬಂದದ್ದು ಮೊದಲು ಈರುಳ್ಳಿ ಬಟಾಟೆಯ ಸಗಟು ಮಾರುಕಟ್ಟೆ, ಆಮೇಲೆ ಕಬ್ಬಿಣದ ಪೇಟೆ, ವಿಭಾಗೀಯ ಮಟ್ಟದ ಸರ್ಕಾರಿ ಕಚೇರಿಗಳ ಕೊಂಕಣ ಭವನ. ಮನೆಯೊಡೆಯನೇ ಬಾರದ ಗೃಹಪ್ರವೇಶದಂತಾಯಿತು ಅದು.

ಹಣದ ಕಥೆ ಇದಕ್ಕಿಂತ ಸ್ವಾರಸ್ಯಕರವಾದುದು. ಸರ್ಕಾರ ಸಿಡ್ಕೊಗೆ ಬೀಜಧನವಾಗಿ ಕೊಟ್ಟದ್ದು 3.95 ಕೋಟಿ ರೂಪಾಯಿ ಮಾತ್ರ. ಉಳಿದುದನ್ನು ನೆಲದಿಂದಲೇ ಹುಟ್ಟಿಸಿಕೊಳ್ಳಬೇಕಿತ್ತು. ಭೂಸ್ವಾಧೀನ ಕಾಯಿದೆಯಡಿ ಗದ್ದೆಯ ಬೆಲೆಗೆ ಜಮೀನು ಪಡೆದು, ರಸ್ತೆ, ಚರಂಡಿ, ದೀಪಗಳನ್ನು ಹಾಕಿ, ನಿವೇಶನಗಳಾಗಿ ಸೀಳಿ, ವಾಣಿಜ್ಯ ನಿವೇಶನಗಳನ್ನು ಟೆಂಡರು ಕರೆದು ಹೆಚ್ಚು ಕೊಟ್ಟವರಿಗೆ ಮಾರಿ, ಆ ಲಾಭದಿಂದ ಸಣ್ಣ ಮನೆಗಳ ಬೆಲೆಯನ್ನು ತಗ್ಗಿಸುವುದರ ಜೊತೆಗೆ ಮುಂದಿನ ರಸ್ತೆ, ಮುಂದಿನ ಹಳಿಗೂ ದುಡ್ಡು ಹೊಂದಿಸುವುದು ಇದರ ಕ್ರಮ. ಸಾರ್ವಜನಿಕ ಕಾಮಗಾರಿಯಿಂದ ಏರಿದ ಜಮೀನಿನ ಬೆಲೆಯನ್ನು ಖಾಸಗಿಯವರ ಜೇಬಿಗೆ ಹೋಗಲು ಬಿಡದೆ ಕಾಮಗಾರಿಯ ಖರ್ಚಿಗೇ ಹಿಂತಿರುಗಿಸಿಕೊಳ್ಳುವ ಈ ಪದ್ಧತಿಗೆ ನಗರಯೋಜನೆಯ ಪರಿಭಾಷೆಯಲ್ಲಿ ಭೂಮೌಲ್ಯದ ಮರುಗಳಿಕೆ ಎನ್ನುತ್ತಾರೆ. ಕಾಗದದ ಮೇಲೆ ಇದರಷ್ಟು ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲ. ತೊಡಕೆಂದರೆ, ರೈಲು ಬಂದ ಮೇಲೆ ಏರುವ ಬೆಲೆಯನ್ನು ರೈಲು ಬರುವ ಮುಂಚೆಯೇ ವಸೂಲು ಮಾಡಬೇಕಾಗುತ್ತದೆ. ಎಂದರೆ ಮೊದಲು ಮಾರಾಟವಾಗುವುದು ರೈಲಿನ ಮಾತು, ಹಳಿ ಆಮೇಲೆ.

ಆ ಮಾತನ್ನು ನಂಬಿ 1970, 1980ರ ದಶಕಗಳಲ್ಲಿ ಖಾಡಿಯ ಆಚೆ ದಡದ ವಾಶಿಗೆ ಬಂದು ನೆಲೆಸಿದ ಮಧ್ಯಮವರ್ಗದವರಿಗೆ ಇದ್ದ ಆಸರೆ 1970ರ ದಶಕದ ಆರಂಭದಲ್ಲಿ ತೆರೆದ ರಸ್ತೆ ಸೇತುವೆಯೊಂದೇ. ಮನೆ ಅಗ್ಗವಾಗಿತ್ತು ನಿಜ; ಆದರೆ ಬಸ್ಸು ಹಿಡಿದು ಖಾಡಿ ದಾಟಿ, ಆಚೆ ಇಳಿದು ರೈಲು ಹಿಡಿದು ಮುಂಬಯಿಯ ಕಚೇರಿ ಮುಟ್ಟುವವರು ಆ ಅಗ್ಗದ ಮನೆಗೆ ದಿನಕ್ಕೆ ಎರಡೆರಡು ಗಂಟೆಯ ಕಂತು ಕಟ್ಟುತ್ತಿದ್ದರೆಂದೇ ಹೇಳಬೇಕು, ಮತ್ತು ಈ ಕಂತು ಯಾವ ಆಯವ್ಯಯ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಸೇತುವೆಯೂ ಹೆಚ್ಚು ಕಾಲ ಸುಖವಾಗಿರಲಿಲ್ಲ. ಕಾಂಕ್ರೀಟಿನ ತೊಲೆಗಳೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ತಂತಿಗಳೇ ಇಂಥ ಸೇತುವೆಯ ಬಲ; ಉಪ್ಪುಗಾಳಿಗೆ ಆ ತಂತಿಗಳು ತುಕ್ಕು ಹಿಡಿದುದರಿಂದ ದುರಸ್ತಿಯ ಮೇಲೆ ದುರಸ್ತಿ ಬೇಕಾಗಿ, 1990ರ ದಶಕದ ಕೊನೆಗೆ ಪಕ್ಕದಲ್ಲೇ ಎರಡನೆಯ ಸೇತುವೆಯನ್ನು ಕಟ್ಟಬೇಕಾಯಿತು. ವಾಹನಗಳ ಸಾಲು ಅದಕ್ಕೂ ಮಿಕ್ಕಿದಾಗ 2024ರಲ್ಲಿ ಮೂರನೆಯದರ ಒಂದು ಭಾಗ ತೆರೆಯಿತು. ಅದೇ ತಿಂಗಳು, ಅಂದರೆ ಅಕ್ಟೋಬರಿನಲ್ಲಿ, ಮುಂಬಯಿಯ ಐದು ಹೆಬ್ಬಾಗಿಲುಗಳಲ್ಲಿ ಲಘು ವಾಹನಗಳ ಮೇಲಿನ ಸುಂಕ ರದ್ದಾಯಿತು. ವಿಧಾನಸಭೆಯ ಚುನಾವಣೆ ಮುಂದಿನ ತಿಂಗಳಿತ್ತು.

ರೈಲು ವಾಶಿಗೆ ಬಂದದ್ದು 1992ರ ಮೇ ತಿಂಗಳಲ್ಲಿ. ಅಲ್ಲಿಂದ ಮುಂದೆ ಹಳಿ ನೆರೂಳಿಗೆ, ಬೇಲಾಪುರಕ್ಕೆ, 1998ರಲ್ಲಿ ಪನವೇಲಿಗೆ, 2004ರಲ್ಲಿ ಥಾಣೆಯಿಂದ ತುರ್ಭೆಯ ಮೂಲಕ ವಾಶಿಗೆ ಬೆಳೆಯಿತು. ವೆಚ್ಚದ ಹಂಚಿಕೆಯಲ್ಲಿ ಭಾರತೀಯ ರೈಲ್ವೆಗೆ ನೂರಕ್ಕೆ 33, ಸಿಡ್ಕೊಗೆ 67 ಎಂದು ಒಪ್ಪಂದವಾಗಿತ್ತು. ದೇಶದ ಉಪನಗರ ರೈಲಿನ ಇತಿಹಾಸದಲ್ಲಿ ಊರು ಕಟ್ಟುವ ಸಂಸ್ಥೆಯೊಂದು ರೈಲ್ವೆಯ ಎರಡರಷ್ಟು ಭಾರ ಹೊತ್ತದ್ದು ಹೊಸ ಸಂಗತಿ. ಹಾಕಿದ ಬಂಡವಾಳ ತುಸುವಾದರೂ ಮರಳಲೆಂದು ಈ ಮಾರ್ಗದ ಟಿಕೆಟುಗಳ ಮೇಲೆ ಸರ್‌ಚಾರ್ಜ್, ಅಂದರೆ ಮೂಲದರದ ಮೇಲಿನ ಹೆಚ್ಚುವರಿ ಶುಲ್ಕ ಹೇರಲಾಯಿತು. ಹೀಗಾಗಿ ವಾಶಿಯಲ್ಲಿ ಫ್ಲ್ಯಾಟು ಕೊಂಡವರು ನಿವೇಶನದ ಬೆಲೆಯಲ್ಲಿ ರೈಲಿಗೆ ಒಮ್ಮೆ ದುಡ್ಡು ತೆತ್ತು, ಟಿಕೆಟಿನ ಕಿಟಕಿಯಲ್ಲಿ ಅದೇ ರೈಲಿಗೆ ಮತ್ತೊಮ್ಮೆ ತೆತ್ತರು. ಯೋಜಕರ ಪರವಾಗಿ ಒಂದು ಮಾತನ್ನು ಮಾತ್ರ ಹೇಳಲೇಬೇಕು: 1979ರಲ್ಲಿ ಮಂಜೂರಾದ ಅಭಿವೃದ್ಧಿ ಯೋಜನೆಯಲ್ಲಿ ಹಳಿಯ ಪಟ್ಟಿಯನ್ನು ಮೊದಲೇ ಗುರುತಿಸಿ ಖಾಲಿ ಕಾದಿರಿಸಿದ್ದರು. ನೋಡ್‌ ಎಂದು ಕರೆಯುವ ಬಿಡಿಬಿಡಿಯಾದ ಬಡಾವಣೆಗಳನ್ನು ಮಣಿಗಳಂತೆ ಆ ಪಟ್ಟಿಯ ದಾರದಲ್ಲಿ ಪೋಣಿಸಿದ್ದರಿಂದ, ತಡವಾಗಿ ಬಂದರೂ ಹಳಿಗೆ ಕಟ್ಟಡಗಳ ನಡುವೆ ದಾರಿ ಹುಡುಕುವ ಪಾಡು ಬರಲಿಲ್ಲ. ರೈಲಿಗೆಂದು ಖಾಲಿ ಬಿಟ್ಟ ನೆಲವನ್ನು ಹದಿಮೂರು ವರ್ಷ ಖಾಲಿಯಾಗಿಯೇ ಉಳಿಸಿಕೊಳ್ಳುವುದು ನಮ್ಮ ದೇಶದ ಊರುಗಳಲ್ಲಿ ಸೇತುವೆ ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ವಾಶಿಯಲ್ಲಿ ಇಳಿದರೆ ಆ ಲೆಕ್ಕಾಚಾರವನ್ನು ಕಣ್ಣಾರೆ ಕಾಣಬಹುದು. ಮುಂಬಯಿಯ ಹಳೆಯ ನಿಲ್ದಾಣಗಳಲ್ಲಿ ಮೇಲಿನ ಇಕ್ಕಟ್ಟಾದ ಪಾದಚಾರಿ ಸೇತುವೆಗೆ ನುಗ್ಗುವ ಅಭ್ಯಾಸವಿದ್ದವರು ಇಲ್ಲಿ ಹಳಿಯ ಕೆಳಗಿನ ಅಗಲವಾದ ಸುರಂಗದಾರಿಗೆ ಇಳಿಯುತ್ತಾರೆ. ನಿಲ್ದಾಣದ ಮೇಲೆ ಹಫೀಜ್ ಕಾಂಟ್ರಾಕ್ಟರ್ ವಿನ್ಯಾಸದ ಮಾಹಿತಿ ತಂತ್ರಜ್ಞಾನ ಕಚೇರಿಗಳ ಗೋಪುರಗಳು, ಸುತ್ತ ಅಂಗಡಿಗಳು. ಪ್ಲಾಟ್‌ಫಾರ್ಮಿಗಿಂತ ಕಟ್ಟಡ ದೊಡ್ಡದು. ನಿಲ್ದಾಣದ ನೆತ್ತಿಯ ಮೇಲಿನ ಆಕಾಶವನ್ನೂ ಬಾಡಿಗೆಗೆ ಕೊಟ್ಟರೆ ಹಳಿಯ ಸಾಲ ತೀರುತ್ತದೆ ಎಂಬ ತರ್ಕ ಬೇಲಾಪುರದಲ್ಲಿಯೂ, ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಲ್ ಹೊತ್ತು ನಿಂತ ಸೀವುಡ್ಸ್‌ನಲ್ಲಿಯೂ ಮುಂದುವರಿದಿದೆ. ಹೊರಗೆ ಕಾಲಿಟ್ಟರೆ ಮಾತ್ರ ಚಿತ್ರ ಬದಲಾಗುತ್ತದೆ: ಸೆಕ್ಟರುಗಳು ದೂರದೂರ, ರಸ್ತೆಗಳು ಅಗಲ, ಮಳೆಗಾಲದಲ್ಲಿ ದಾಟುವುದು ಸಾಹಸ, ಹಾಗಾಗಿ ನಿಲ್ದಾಣದ ಬಾಗಿಲಲ್ಲಿ ಷೇರ್ ಆಟೊಗಳ ಸಾಲು. ಮುಂಬಯಿಯಿಂದ ವಾಶಿಗೆ ಬಂದ ಟಿಕೆಟಿನಷ್ಟೇ ದುಡ್ಡು ವಾಶಿ ನಿಲ್ದಾಣದಿಂದ ಮನೆಯ ಬಾಗಿಲಿಗೆ ಹೋಗಲು ಬೇಕಾಗುವುದುಂಟು. ಸಿಡ್ಕೊ ಮೊದಲು ನಡೆಸುತ್ತಿದ್ದ ಬಸ್ಸುಗಳು 1980ರ ದಶಕದಲ್ಲಿ ನಿಂತುಹೋದವು. ನಗರಪಾಲಿಕೆಯ ಸ್ವಂತ ಬಸ್ಸು ಓಡತೊಡಗಿದ್ದು 1996ರಲ್ಲಿ. ನಡುವಿನ ವರ್ಷಗಳಲ್ಲಿ ಊರು ಸ್ಕೂಟರು, ರಿಕ್ಷಾಗಳ ಅಭ್ಯಾಸಕ್ಕೆ ಬಿದ್ದಿತು, ಮತ್ತು ಒಮ್ಮೆ ಬಿದ್ದ ಅಭ್ಯಾಸ ಬಸ್ಸು ಬಂದ ಕೂಡಲೇ ಬಿಡುವಂಥದಲ್ಲ. ವಾಶಿಯಿಂದ ಬೇಲಾಪುರದವರೆಗೆ ಕಾಂಡ್ಲಾ ಕಾಡಿನ ಅಂಚಿನಲ್ಲೇ ಬಳಸಿ ಹೋಗುವ ಪಾಮ್ ಬೀಚ್ ರಸ್ತೆಯ ಅಂದವನ್ನು ಎಷ್ಟು ಹೊಗಳಿದರೂ ಅದು ಕಾರಿದ್ದವರ ರಸ್ತೆ.

ಸೆಕ್ಟರುಗಳ ನಡುವೆ ಅಲ್ಲಲ್ಲಿ ಬೀದಿ ಇದ್ದಕ್ಕಿದ್ದಂತೆ ಕಿರಿದಾಗಿ, ಮನೆಗಳು ಒಂದಕ್ಕೊಂದು ಅಂಟಿಕೊಂಡು, ಗ್ರಾಮದೇವತೆಯ ಗುಡಿಯೊಂದು ಎದುರಾಗುತ್ತದೆ. ಇವು ಗಾವಠಾಣಗಳು, ಎಂದರೆ ಸ್ವಾಧೀನದಿಂದ ಹೊರಗುಳಿದ ಹಳೆಯ ಹಳ್ಳಿಗಳ ವಾಸದ ನೆಲೆಗಳು. ಇಲ್ಲಿನ ಮೂಲನಿವಾಸಿಗಳು ಮೀನುಗಾರರಾದ ಕೋಳಿ ಸಮುದಾಯದವರು ಮತ್ತು ಭತ್ತ, ಉಪ್ಪು ಬೆಳೆಯುತ್ತಿದ್ದ ಆಗ್ರಿಗಳು. ಆಗ್ರಿ ಎಂಬ ಹೆಸರಿನೊಳಗಿನ ಆಗರವೂ ಕನ್ನಡದ ಉಪ್ಪಿನಾಗರವೂ ಒಂದೇ ಮಾತು. ಸಾಣಿಕಟ್ಟೆಯ ಉಪ್ಪಿನ ಮಡಿಗಳನ್ನು ಕಂಡ ಕನ್ನಡಿಗರಿಗೆ ನವಿ ಮುಂಬಯಿಯ ತಳದಲ್ಲಿ ಹೂತುಹೋದ ಭೂಚಿತ್ರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಗದ್ದೆಯ ದರದಲ್ಲಿ ಬಿಟ್ಟುಕೊಟ್ಟ ಜಮೀನು ನಿವೇಶನದ ದರದಲ್ಲಿ ಮಾರಾಟವಾಗುವುದನ್ನು ಕಣ್ಣೆದುರೇ ಕಂಡ ಅವರು, ದಿನಕರ ಬಾಳು ಪಾಟೀಲರ ಮುಂದಾಳ್ತನದಲ್ಲಿ ತಿರುಗಿಬಿದ್ದರು. 1984ರ ಜನವರಿಯಲ್ಲಿ ಉರಣ್ ತಾಲ್ಲೂಕಿನಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ಜಮೀನಿನ ನೂರಕ್ಕೆ ಹನ್ನೆರಡೂವರೆ ಪಾಲನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮರಳಿಸುವ ಯೋಜನೆ ಹುಟ್ಟಿದ್ದು ಆ ಹೋರಾಟದಿಂದ. ಸರ್ಕಾರದ ಕಡತಗಳಲ್ಲಿ ಬೀಜಧನ 3.95 ಕೋಟಿ ಎಂದಿದೆ. ನಿಜವಾದ ಬೀಜಧನ ಯಾರದೆಂದು ಗಾವಠಾಣದ ಕಟ್ಟೆಯ ಮೇಲೆ ಕುಳಿತ ಯಾವ ಹಿರಿಯರಾದರೂ ಹೇಳಬಲ್ಲರು. ನೆಲದಿಂದ ರೈಲು ಹುಟ್ಟಿಸುವ ಪದ್ಧತಿಯನ್ನು ಹೊಗಳುವ ಬರಹಗಳಲ್ಲಿ ಈ ಅಧ್ಯಾಯ ಸಾಮಾನ್ಯವಾಗಿ ಅಡಿಟಿಪ್ಪಣಿಯಾಗಿ ಬರುತ್ತದೆ. ಅದು ಮೊದಲ ಪುಟದಲ್ಲಿರಬೇಕಾದದ್ದು.

ಬೇಲಾಪುರದಲ್ಲಿ ಕನ್ನಡನಾಡಿನ ಲೆಕ್ಕವೂ ಒಂದು ಸೇರಿಕೊಂಡಿದೆ. ಕೊಂಕಣ ರೈಲ್ವೆ ನಿಗಮದ ಕೇಂದ್ರ ಕಚೇರಿ ಇರುವುದು ಇಲ್ಲಿಯ ಬೇಲಾಪುರ ಭವನದಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ ಸ್ಥಾಪನೆಯಾದ ಈ ನಿಗಮದ ಆರಂಭದ ಬಂಡವಾಳದಲ್ಲಿ ರೈಲ್ವೆ ಇಲಾಖೆಯ ಪಾಲು ನೂರಕ್ಕೆ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದವು ತಲಾ 6. ಇ. ಶ್ರೀಧರನ್ ಅವರ ನೇತೃತ್ವದಲ್ಲಿ ರೋಹಾದಿಂದ ಮಂಗಳೂರಿನವರೆಗಿನ ಸುಮಾರು 740 ಕಿಲೋಮೀಟರ್ ಮಾರ್ಗ 1998ರ ಜನವರಿಗೆ ಸಿದ್ಧವಾಯಿತು. ಬಾಂಡುಗಳ ಮೂಲಕ ಎತ್ತಿದ ಸಾಲವನ್ನು ತೀರಿಸಲು ಇಲ್ಲಿ ಹೂಡಿದ ಉಪಾಯ ಇನ್ನೂ ತಮಾಷೆಯದು: ಸರ್‌ಚಾರ್ಜ್ ಎನ್ನುವ ಬದಲು ಮಾರ್ಗದ ಕಿಲೋಮೀಟರುಗಳನ್ನೇ ಕಾಗದದ ಮೇಲೆ ಹಿಗ್ಗಿಸಿ, ಆ ಹಿಗ್ಗಿದ ದೂರಕ್ಕೆ ಟಿಕೆಟ್ ದರ ಹಾಕಲಾಯಿತು. ಮತ್ಸ್ಯಗಂಧ ರೈಲಿನಲ್ಲಿ ಉಡುಪಿಯಿಂದಲೋ ಕುಂದಾಪುರದಿಂದಲೋ ಹೊರಟು, ಬೆಳಗಿನ ಜಾವ ಪನವೇಲಿನಲ್ಲಿ ಹಲಸಿನ ಹಪ್ಪಳದ ಕಟ್ಟು, ಕುಚ್ಚಲಕ್ಕಿಯ ಚೀಲಗಳೊಡನೆ ಇಳಿದು, ನೆರೂಳು, ವಾಶಿಗಳ ಮನೆಗೋ ಹೋಟೆಲಿಗೋ ಹೋಗಲು ಮೊದಲ ಲೋಕಲಿಗಾಗಿ ಕಾಯುವ ಕರಾವಳಿಯವರು, ಹಿಗ್ಗಿದ ಕಿಲೋಮೀಟರಿನಿಂದ ಇಳಿದು ಸರ್‌ಚಾರ್ಜಿನ ರೈಲಿಗೆ ಹತ್ತುತ್ತಿದ್ದರು. ಮೊದಲು ಹಗಲಿರುಳು ಬಸ್ಸಿನಲ್ಲಿ ಘಟ್ಟ ಹತ್ತಿಳಿದು ಬರುತ್ತಿದ್ದ ಅವರಿಗೆ ಈ ಹೆಚ್ಚುವರಿ ಎಂದೂ ಭಾರವೆನಿಸಿದಂತೆ ಕಾಣುವುದಿಲ್ಲ. ಇಲ್ಲದ ರೈಲಿನಷ್ಟು ದುಬಾರಿ ರೈಲು ಬೇರೊಂದಿಲ್ಲವೆಂದು ಅವರು ಅನುಭವದಿಂದ ಬಲ್ಲರು.

ಬೇಲಾಪುರ ನಿಲ್ದಾಣದ ಬಳಿಯೇ ನವಿ ಮುಂಬಯಿ ಮೆಟ್ರೊದ ಮೊದಲ ಮಾರ್ಗ ಆರಂಭವಾಗುತ್ತದೆ. ಪೇಂಧರ್‌ವರೆಗಿನ ಉದ್ದ 11.1 ಕಿಲೋಮೀಟರ್, ನಿಲ್ದಾಣಗಳು 11. ಶಂಕುಸ್ಥಾಪನೆ 2011ರ ಮೇ 1ರಂದು, ಪ್ರಯಾಣಿಕರಿಗೆ ಬಾಗಿಲು ತೆರೆದದ್ದು 2023ರ ನವೆಂಬರ್ 17ರಂದು. ವರ್ಷಕ್ಕೆ ಒಂದು ಕಿಲೋಮೀಟರು ಕೂಡ ಆಗಲಿಲ್ಲ. ನೆಲ ಸಿಡ್ಕೊದ್ದೇ, ರಸ್ತೆಗಳು ಅಗಲವಾದವೇ, ಒಡೆಯಬೇಕಾದ ಹಳೆಯ ಪೇಟೆಯಿಲ್ಲ. ಮುಂಬಯಿ, ಬೆಂಗಳೂರುಗಳ ಮೆಟ್ರೊಗೆ ಹೇಳುವ ಯಾವ ನೆಪವನ್ನೂ ಇಲ್ಲಿ ಹೇಳುವಂತಿರಲಿಲ್ಲ. ಗುತ್ತಿಗೆಗಳು ಮುರಿದುಬಿದ್ದು ಮತ್ತೆ ಟೆಂಡರು ಕರೆದ ಅವಧಿಯಲ್ಲಿ ಖಾರ್‌ಘರ್‌ನ ರಸ್ತೆಗಳ ನಡುವೆ ಕಂಬಗಳು ತಲೆಯಿಲ್ಲದೆ ನಿಂತಿದ್ದವು, ಅವುಗಳ ಎರಡೂ ಬದಿಗೆ ‘ಮೆಟ್ರೊ ಎದುರಿಗೆ’ ಎಂಬ ಜಾಹೀರಾತಿನ ಕಟ್ಟಡಗಳು ಏಳುತ್ತಲೇ ಇದ್ದವು, ಮಾರಾಟವಾಗುತ್ತಲೂ ಇದ್ದವು. ವಾಶಿಯಲ್ಲಿ ನಡೆದದ್ದೇ ಮೂವತ್ತು ವರ್ಷಗಳ ನಂತರ ಹೀಗೆ ಮರುಕಳಿಸಿತು. ಮೂರು ಸಾವಿರ ಕೋಟಿಗೂ ಮೀರಿದ ವೆಚ್ಚದ ಈ ಮಾರ್ಗದಲ್ಲಿ ಮೊದಲಿಗೆ ಹತ್ತರಿಂದ ನಲವತ್ತು ರೂಪಾಯಿವರೆಗಿದ್ದ ದರವನ್ನು ವರ್ಷ ತುಂಬುವ ಮೊದಲೇ ಮೂವತ್ತಕ್ಕೆ ಇಳಿಸಿದ್ದು, ಪಕ್ಕದಲ್ಲೇ ಓಡುವ ಬಸ್ಸು, ಷೇರ್ ಆಟೊಗಳ ಎದುರು ಮೆಟ್ರೊ ಎಷ್ಟು ಅಳುಕಿನಿಂದ ನಿಂತಿದೆಯೆಂಬುದರ ಸೂಚನೆ. ಬೆಳಿಗ್ಗೆ ತಳೋಜಾ ಕಡೆಯಿಂದ ಬರುವ ಗಾಡಿ ತುಂಬಿರುತ್ತದೆ. ಅಲ್ಲಿ ಸಿಡ್ಕೊ ಕಟ್ಟಿಸಿದ ಸಾವಿರಾರು ಸಣ್ಣ ಮನೆಗಳಿವೆ. ಮಧ್ಯಾಹ್ನ ಹತ್ತಿದರೆ ಬೋಗಿಯಲ್ಲಿ ಕೈಹಿಡಿಗಳಷ್ಟೇ ಒಂದೇ ಲಯದಲ್ಲಿ ತೂಗುತ್ತವೆ, ಕಿಟಕಿಯಾಚೆ ಖಾರ್‌ಘರ್‌ನ ಗುಡ್ಡ ಹಿಂದೆ ಸರಿಯುತ್ತದೆ.

ದಕ್ಷಿಣದ ಉಲ್ವೆಯ ಕಡೆಗೆ ಹೊರಳಿದರೆ ಮೊತ್ತಗಳ ಅಳತೆಯೇ ಬೇರೆ. ಶಿವಡಿಯಿಂದ ನ್ಹಾವಾ ಶೇವಾ ಕಡೆಗೆ ಸಮುದ್ರ ದಾಟುವ ಅಟಲ್ ಸೇತು 21.8 ಕಿಲೋಮೀಟರ್ ಉದ್ದವಾಗಿದ್ದು ಅದರಲ್ಲಿ ಸುಮಾರು 16.5 ಕಿಲೋಮೀಟರ್ ನೀರಿನ ಮೇಲಿದೆ. ಇಂಥದೊಂದು ಸೇತುವೆಯ ಸಲಹೆ 1960ರ ದಶಕದಷ್ಟು ಹಿಂದಿನದು, ಉದ್ಘಾಟನೆಯಾದದ್ದು 2024ರ ಜನವರಿ 12ರಂದು, ವೆಚ್ಚ 17,840 ಕೋಟಿ ರೂಪಾಯಿ. ಕಾರಿಗೆ ಒಂದು ಸಲಕ್ಕೆ 250 ರೂಪಾಯಿ ಸುಂಕ ಗೊತ್ತುಪಡಿಸಲಾಯಿತು. ದ್ವಿಚಕ್ರ ವಾಹನಕ್ಕೂ ಆಟೊರಿಕ್ಷಾಕ್ಕೂ ಪ್ರವೇಶವಿಲ್ಲ, ಹಳಿಯಂತೂ ಇಲ್ಲವೇ ಇಲ್ಲ. ಹತ್ತಿರದಲ್ಲೇ ಗುಡ್ಡ ಕಡಿದು, ಉಲ್ವೆ ನದಿಯ ಪಾತ್ರ ತಿರುಗಿಸಿ, ಹತ್ತು ವಸತಿಗಳನ್ನು ಎಬ್ಬಿಸಿ ಮಾಡಿದ ವಿಮಾನ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದರ ಮೊದಲ ಹಂತಕ್ಕೆ 19,650 ಕೋಟಿ ಎಂದು ಹೇಳಲಾಗಿದೆ. ಇಲ್ಲಿ ಜಮೀನು ಕೊಟ್ಟವರಿಗೆ ಹನ್ನೆರಡೂವರೆಯ ಬದಲು ಇಪ್ಪತ್ತೆರಡೂವರೆ ಪಾಲು ದಕ್ಕಿದ್ದು 1984ರ ನೆನಪು ಇನ್ನೂ ಆರಿಲ್ಲವೆಂಬುದಕ್ಕೆ ಸಾಕ್ಷಿ. ಸೇತುವೆ ಮತ್ತು ವಿಮಾನ ನಿಲ್ದಾಣಗಳಿಗೆ ಸಾವಿರಾರು ಕೋಟಿಗಳು ಒದಗಿ ಬಂದ ವೇಗವನ್ನು ಅದೇ ನೆಲದ ಮೇಲಿನ ಲೋಕಲ್ ರೈಲಿನ ವೇಗದೊಡನೆ ಹೋಲಿಸಿದರೆ ಸರ್ಕಾರದ ಆದ್ಯತೆ ಯಾವ ಕಡೆಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೆರೂಳು ಮತ್ತು ಬೇಲಾಪುರಗಳಿಂದ ಉರಣ್‌ಗೆ ಹೋಗುವ ಆ ಲೋಕಲ್ ಮಾರ್ಗ ಸುಮಾರು 27 ಕಿಲೋಮೀಟರಿನದು. 1990ರ ದಶಕದಲ್ಲೇ ಮಂಜೂರಾಗಿ, ಅದೇ 67 ಮತ್ತು 33ರ ಹಂಚಿಕೆಯಲ್ಲಿ ಕೈಗೆತ್ತಿಕೊಂಡ ಈ ಕೆಲಸ ಜಮೀನಿನ ತಕರಾರುಗಳಲ್ಲಿ ಸಿಲುಕಿತು. ಕಾಂಡ್ಲಾ ಕಾಡನ್ನು ಕಡಿಯಬಾರದೆಂದು 2005ರಲ್ಲಿ ಬಾಂಬೆ ಹೈಕೋರ್ಟು ಆದೇಶಿಸಿದ ಮೇಲೆ ಪ್ರತಿ ಗಿಡಕ್ಕೂ ಅನುಮತಿ ಬೇಕಾಯಿತು, ಅದು ಸರಿಯೂ ಹೌದು. ಖಾರ್‌ಕೋಪರ್‌ವರೆಗಿನ ಮೊದಲ ಭಾಗ 2018ರ ನವೆಂಬರಿನಲ್ಲಿ, ಉರಣ್‌ವರೆಗಿನ ಉಳಿದ ಭಾಗ ಅಟಲ್ ಸೇತುವಿನೊಂದಿಗೆ ಅದೇ ದಿನ ಆರಂಭವಾಗುವಷ್ಟರಲ್ಲಿ ಅಂದಾಜುವೆಚ್ಚ ಮೂಲದ ಹಲವು ಪಟ್ಟು ಏರಿತ್ತು. ಖಾರ್‌ಕೋಪರ್ ದಾಟಿದ ಮೇಲೆ ಬೋಗಿ ಅರೆಖಾಲಿ. ಒಂದು ಬದಿಗೆ ಬಣ್ಣಬಣ್ಣದ ಕಂಟೇನರುಗಳ ರಾಶಿ, ಇನ್ನೊಂದು ಬದಿಗೆ ದ್ರೋಣಾಗಿರಿ ನೋಡ್‌ನ ನೇರವಾದ ರಸ್ತೆಗಳು. ಚರಂಡಿ ಇದೆ, ದೀಪದ ಕಂಬವಿದೆ, ಹಲವು ನಿವೇಶನಗಳಲ್ಲಿ ಹುಲ್ಲು ಆಳೆತ್ತರ ಬೆಳೆದಿದೆ. ಉರಣ್ ನಿಲ್ದಾಣದಲ್ಲಿ ಇಳಿದವರು ಹೊರಡುವ ಮುನ್ನ ಗೋಡೆಯ ವೇಳಾಪಟ್ಟಿಯ ಮುಂದೆ ನಿಂತು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳುತ್ತಾರೆ. ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು, ಕಾಯಲಾಗದವರಿಗೆ ಹೊರಗೆ ಷೇರ್ ಆಟೊದವರು ‘ಪನವೇಲ್, ಪನವೇಲ್’ ಎಂದು ಕೂಗುತ್ತಿರುತ್ತಾರೆ.